ಗಾಳಿಗಾಲನ ಬ್ಯಾಂಡೇಜು

ನಮ್ಮ ಚಿಕ್ಕಪ್ಪನ ಬೈಂಡಿಂಗ್ ಅಂಗಡಿಯ ಬಾಗಿಲ ಮೇಲೆ ಒಂದು ಬೋರ್ಡು ಇದೆ. ಅದರಲ್ಲಿ ಅಂಗಡಿಯ ಹೆಸರು ಚಿಕ್ಕ ಅಕ್ಷರದಲ್ಲೂ ಅದರ ಕೆಳಗಿನ ಸಾಲು ದೊಡ್ಡ ಅಕ್ಷರದಲ್ಲೂ ಇತ್ತು: ‘ಇಲ್ಲಿ ಹಾಳೆ ಹಿಂದುಮುಂದಾಗುವುದಿಲ್ಲ.’ ಬೇರೆ ಅಂಗಡಿಯವರು ತಾವು ಏನು ಮಾಡುತ್ತೇವೆಂದು ಬರೆಸುತ್ತಾರೆ. ಚಿಕ್ಕಪ್ಪ ತಾವು ಏನು ಮಾಡುವುದಿಲ್ಲವೆಂದು ಬರೆಸಿದ್ದರು. ಆ ಸಾಲನ್ನು ನಂಬಿಯೇ ನೋಂದಣಿ ಕಚೇರಿಯವರು ಜನನ ಮರಣದ ರಿಜಿಸ್ಟರುಗಳನ್ನು ವರ್ಷವರ್ಷವೂ ಚಿಕ್ಕಪ್ಪನಿಗೇ ಕೊಡುತ್ತಿದ್ದರು. ಅಂಗಡಿ ನಿಂತಿದ್ದು ಆ ಕೆಲಸದ ಮೇಲೆ, ಚಿಕ್ಕಪ್ಪನ ತಲೆ ನೆಟ್ಟಗೆ ನಿಂತಿದ್ದು ಆ ಬೋರ್ಡಿನ ಮೇಲೆ.

ಚಿಕ್ಕಪ್ಪ ಪುಸ್ತಕ ಓದುವವರಲ್ಲ. ಪುಸ್ತಕವನ್ನು ಅಂಗೈಯಲ್ಲಿ ತೂಗಿ, ಬೆನ್ನು ಸವರಿ, ಒಮ್ಮೆ ಮೂಸಿ, “ಒಳ್ಳೆ ಪುಸ್ತಕ” ಎನ್ನುತ್ತಾರೆ. ಈ ವಿಮರ್ಶೆಯನ್ನು ಈವರೆಗೆ ಯಾರೂ ಅಲ್ಲಗಳೆದಿರಲಿಲ್ಲ. ಡಿಗ್ರಿ ಮುಗಿಸಿದ ನಾನು ಅದೇ ಅಂಗಡಿಯ ಒಳಕೋಣೆಯಲ್ಲಿ ಕುಳಿತು ಹಾಳೆ ಮಡಿಸುತ್ತಿದ್ದೆ. ಮಾತಾಡದೆ ಮಾಡಬಹುದಾದ ಕೆಲಸಗಳು ಲೋಕದಲ್ಲಿ ಬಹಳ ಇಲ್ಲ. ಹೊರಗೆ ಆಡಿದ ಮಾತೆಲ್ಲ ಅಲ್ಲಿಗೆ ಕೇಳುತ್ತಿತ್ತು, ಮಧ್ಯಾಹ್ನ ಅದನ್ನೆಲ್ಲ ಡೈರಿಯಲ್ಲಿ ಬರೆಯುತ್ತಿದ್ದೆ. ಹಾಗಾಗಿ ಇದರಲ್ಲಿ ಉತ್ಪ್ರೇಕ್ಷೆ ಏನಾದರೂ ಕಂಡರೆ ಅದು ಆಡಿದವರದು.

ಗಲಾಟೆಗೆ ಕಾರಣವಾದದ್ದು ‘ಗಾಳಿಗಾಲ’ ಎಂಬ ಸಿನಿಮಾ. ಗಾಳಿಗಾಲ ಒಂದು ಹಳೆಯ ಚಿತ್ರಕಥೆಯ, ಅಂದರೆ ಕಾಮಿಕ್ಸಿನ, ನಾಯಕ. ಬಾಡಿಗೆ ಮನೆಯಲ್ಲಿ ತಾಯಿಯ ಜೊತೆಗಿದ್ದು ಗಡಿಯಾರ ರಿಪೇರಿ ಮಾಡುವವನು. ಯಾರಿಗಾದರೂ ಆಪತ್ತು ಬಂದರೆ ಅಜ್ಜನ ಹಳೇ ಬೂಟು ಹಾಕಿಕೊಂಡು ಆಕಾಶದಲ್ಲಿ ಓಡುವವನು. ಒಟ್ಟು ಹನ್ನೆರಡು ಸಂಚಿಕೆ. ಅಚ್ಚು ಹಾಕುತ್ತಿದ್ದವರು ಎಂದೋ ಅಂಗಡಿ ಮುಚ್ಚಿದ್ದರು. ನಮ್ಮ ಕಡೆ ಇದ್ದದ್ದು ಒಂದೇ ಪ್ರತಿ, ವಾಚನಾಲಯದ್ದು. ಮೂವತ್ತು ವರ್ಷದ ಹಿಂದೆ ಹಳೇ ಪೇಪರಿನ ಅಂಗಡಿಯಿಂದ ಹನ್ನೆರಡೂ ಬಿಡಿ ಸಂಚಿಕೆಗಳು ಒಟ್ಟಿಗೆ ಬಂದಾಗ, ಯಾರೂ ಓದುವ ಮೊದಲೇ ಅವನ್ನು ಸೇರಿಸಿ ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿ ಕಟ್ಟಿಕೊಟ್ಟವರು ನಮ್ಮ ಚಿಕ್ಕಪ್ಪ. ಸುತ್ತಲಿನ ಹತ್ತಾರು ಬೀದಿಗಳಲ್ಲಿ ಬೆಳೆದವರೆಲ್ಲ ಗಾಳಿಗಾಲನನ್ನು ಓದಿದ್ದು ಆ ಸಂಪುಟದಲ್ಲೇ.

ಅದರ ಕೊನೆ ಹೀಗಿತ್ತು. ಒಂದು ಬೆಳಿಗ್ಗೆ ಗಾಳಿಗಾಲ ಬೂಟಿನ ದಾರ ಕಟ್ಟಿ, ಹಿಂದೆ ನೋಡದೆ ಓಡಿ, ಆಕಾಶದಲ್ಲಿ ಚುಕ್ಕಿಯಾಗುತ್ತಾನೆ. ತಾಯಿ ಬಾಗಿಲಲ್ಲಿ ನಿಂತಿರುತ್ತಾಳೆ. ಪುಟ ತಿರುಗಿಸಿದರೆ, ಕುಂಟುತ್ತಾ ಮೆಟ್ಟಿಲು ಹತ್ತುತ್ತಿರುತ್ತಾನೆ. ತಾಯಿ ಬಾಗಿಲು ತೆಗೆಯುತ್ತಾಳೆ, ಗಾಯವಾದ ಕೈ ತೊಳೆದು ಬ್ಯಾಂಡೇಜು ಕಟ್ಟುತ್ತಾಳೆ, ಊಟ ಬಡಿಸುತ್ತಾಳೆ. ಅವನು ಬೂಟನ್ನು ಮೊಳೆಗೆ ತೂಗುಹಾಕಿ ಮಲಗುತ್ತಾನೆ. ಕೊನೆಯ ಚಿತ್ರದಲ್ಲಿ ಬೂಟು ಮಾತ್ರ. ಆ ಬೂಟಿನ ಹತ್ತಿರ ಅಳದವರನ್ನು ನಾನು ಕಂಡಿಲ್ಲ.

ಒಂದು ತೊಡಕಿತ್ತು. ಚುಕ್ಕಿಯಾಗಲು ಹೊರಟವನ ಕೈಯಲ್ಲಿ ಆಗಲೇ ಬ್ಯಾಂಡೇಜು ಇತ್ತು. ತಾಯಿ ಅದನ್ನು ಕಟ್ಟುವುದು ಎಷ್ಟೋ ಪುಟಗಳ ನಂತರ. ಇದಕ್ಕೆ ನಮ್ಮಲ್ಲಿ ‘ಬ್ಯಾಂಡೇಜಿನ ಪ್ರಶ್ನೆ’ ಎಂದು ಹೆಸರು. ನಿವೃತ್ತ ಗಣಿತದ ಮೇಷ್ಟ್ರು ಅದರ ಮೇಲೆ ಮೂರು ನೋಟ್‌ಬುಕ್ಕು ಬರೆದಿದ್ದರು. ಗಾಳಿಗಾಲ ಕಾಲಕ್ಕಿಂತ ವೇಗವಾಗಿ ಓಡುತ್ತಾನೆ, ಆದ್ದರಿಂದ ಗಾಯಕ್ಕಿಂತ ಮೊದಲು ಬ್ಯಾಂಡೇಜು ತಲುಪುತ್ತದೆ ಎಂಬುದು ಅವರ ಸಿದ್ಧಾಂತ. ಎದುರಂಗಡಿಯ ದರ್ಜಿ ಮಾತ್ರ ಅದು ಬ್ಯಾಂಡೇಜೇ ಅಲ್ಲ, ಅಂಗಿಯ ಕಫ್ ಎಂದು ಸಾಧಿಸುತ್ತಿದ್ದರು. ಈ ವಿಷಯಕ್ಕೆ ಇಬ್ಬರೂ ಎರಡು ವರ್ಷ ಮಾತು ಬಿಟ್ಟದ್ದೂ ಉಂಟು.

ಸಿನಿಮಾ ಬರುವ ವಾರ ಇಬ್ಬರೂ ಅಂಗಡಿಗೆ ಬಂದರು. ಜೊತೆಗೆ ವಾಚನಾಲಯದ ಮೇಡಂ, ಕಂಕುಳಲ್ಲಿ ಕೆಂಪು ಸಂಪುಟ.

“ಥಿಯೇಟರ್ ಮ್ಯಾನೇಜರ್ ನಿನ್ನೆ ಪ್ಯಾಂಟಿನ ಅಳತೆಗೆ ಬಂದಿದ್ದ,” ಎಂದರು ದರ್ಜಿ. “ಸೊಂಟಕ್ಕೆ ಟೇಪು ಸುತ್ತಿದಾಗ ಯಾರೂ ಸುಳ್ಳು ಹೇಳಲ್ಲ. ಅವನು ಆಗಲೇ ನೋಡಿದಾನಂತೆ. ಕೊನೇಲಿ ಗಾಳಿಗಾಲ ಮನೆಗೆ ಬರಲ್ವಂತೆ.”

“ಬರಲ್ಲ ಅಂದ್ರೆ?” ಮೇಷ್ಟ್ರು ಕನ್ನಡಕ ತೆಗೆದರು.

“ಬರಲ್ಲ ಅಂದ್ರೆ ಬರಲ್ಲ ಮೇಷ್ಟ್ರೇ. ಚುಕ್ಕಿ ಆಗ್ತಾನೆ, ಲೈಟ್ ಹಾಕ್ತಾರೆ, ಎದ್ದು ಮನೆಗೆ ಹೋಗೋದು. ನಾವು ಹೋಗೋದು, ಅವನಲ್ಲ.”

“ಊಟ?”

“ಊಟದ ಸುದ್ದಿಯೇ ಇಲ್ಲ.”

ಎಲ್ಲರೂ ಒಟ್ಟಿಗೆ ಮಾತಾಡಿದರು. ನೋಡುವುದೇ ತಪ್ಪು ಎಂದರು ಮೇಷ್ಟ್ರು. ನೋಡಿ ಆಮೇಲೆ ತಪ್ಪು ಅನ್ನೋಣ ಎಂದರು ಮೇಡಂ. “ನಾನಂತೂ ನೋಡಲ್ಲ,” ಎಂದ ದರ್ಜಿ, “ಆದ್ರೆ ನೋಡದೆ ಬೈದ್ರೆ ಬೈಗುಳಕ್ಕೆ ಫಿಟ್ಟಿಂಗ್ ಬರಲ್ಲ,” ಎಂದು ನಡುವೆ ನಿಂತರು. ಕೊನೆಗೆ ಮೂವರೂ ಚಿಕ್ಕಪ್ಪನ ಕಡೆ ತಿರುಗಿದರು. ಯಾಕೆ ತಿರುಗಿದರೋ ಗೊತ್ತಿಲ್ಲ. ಬಹುಶಃ ಅವರೊಬ್ಬರೇ ಸುಮ್ಮನಿದ್ದದ್ದಕ್ಕೆ.

ಚಿಕ್ಕಪ್ಪ ಸಂಪುಟವನ್ನು ತೆಗೆದುಕೊಂಡು ತೂಗಿದರು, ಸವರಿದರು, ಮೂಸಿದರು.

“ಮೂಲ ನನ್ನ ಕೈಯಲ್ಲೇ ಹಾದು ಹೋಗಿರೋದು,” ಎಂದರು. “ಒಂದೊಂದು ಹಾಳೆನೂ ನಂಗೊತ್ತು. ಮೂಲದಲ್ಲಿ ಬಂದಿದಾನೆ ಅಂದ್ರೆ ಬಂದಿದಾನೆ. ಫಿಲಂನವರು ಹಾಳೆ ಹಾರಿಸಿದಾರೆ.”

ಈ ಒಂದು ಮಾತಿಗೆ ಅವರು ‘ಗಾಳಿಗಾಲ ಮೂಲ ರಕ್ಷಣಾ ಸಮಿತಿ’ಯ ಅಧ್ಯಕ್ಷರಾದರು. ಭಾನುವಾರ ಮಧ್ಯಾಹ್ನದ ಆಟಕ್ಕೆ ಮೊದಲು ಥಿಯೇಟರಿನ ಅಂಗಳದಲ್ಲಿ ಅಧ್ಯಕ್ಷರು ಮೂಲದ ಕೊನೆಯ ಭಾಗವನ್ನು ಗಟ್ಟಿಯಾಗಿ ಓದುವುದು, ಕೇಳಿದ ಮೇಲೆ ಸಿನಿಮಾ ನೋಡಬೇಕೋ ಬೇಡವೋ ಎಂದು ಜನರೇ ತೀರ್ಮಾನಿಸುವುದು ಎಂದಾಯಿತು. ನೋಂದಣಿ ಕಚೇರಿಯ ಗುಮಾಸ್ತರೂ ಬರುತ್ತಾರಂತೆ. ಅವರೂ ಗಾಳಿಗಾಲನನ್ನು ಓದಿ ಬೆಳೆದವರೇ.

“ಅಧ್ಯಕ್ಷರೇ,” ಎಂದರು ಚಿಕ್ಕಮ್ಮ ಮನೆಯಲ್ಲಿ, “ಆ ಪುಸ್ತಕದಲ್ಲಿ ಏನಿದೆ ಅಂತಾದ್ರೂ ಗೊತ್ತಾ?”

“ಇನ್ನೂರ ಎಂಬತ್ತೆಂಟು ಪುಟ,” ಎಂದರು ಚಿಕ್ಕಪ್ಪ.

ಮರುದಿನ ಥಿಯೇಟರ್ ಮ್ಯಾನೇಜರ್ ಹೊಸ ಪ್ಯಾಂಟಿನಲ್ಲೇ ಬಂದರು. “ಯಜಮಾನ್ರೇ, ನಾನು ಸಿನಿಮಾ ತೆಗೆದವನಲ್ಲ, ಬಾಗಿಲು ತೆಗೆಯೋನು. ಅವನು ಮನೆಗೆ ಬರದೇ ಇದ್ರೆ ನಾನೇನ್ ಮಾಡ್ಲಿ? ಹೋಗಿ ಕರ್ಕೊಂಡು ಬರೋಕಾಗುತ್ತಾ?”

“ತತ್ವದ ಪ್ರಶ್ನೆ,” ಎಂದರು ಚಿಕ್ಕಪ್ಪ. ಈ ಮಾತನ್ನು ಅವರು ಮೇಷ್ಟ್ರಿಂದ ಬೆಳಿಗ್ಗೆಯಷ್ಟೇ ಕಲಿತಿದ್ದರು.

ಮ್ಯಾನೇಜರ್ ಹೋದ ಮೇಲೆ ಒಳಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಸಂಪುಟವನ್ನು ನನ್ನ ಮುಂದಿಟ್ಟರು. “ಇದನ್ನ ಓದೋದು ಹೇಗೆ ಮಗಳೇ? ಒಂದೊಂದು ಚಿತ್ರದಲ್ಲಿ ಮೂರು ಮೂರು ಜನ ಒಟ್ಟಿಗೆ ಮಾತಾಡ್ತಿದಾರೆ.”

ಮಾತಿನ ಗುಳ್ಳೆಗಳನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓದಬೇಕೆಂದು ತೋರಿಸಿದೆ. ಚಿಕ್ಕಪ್ಪ ಕಣ್ಣು ಕಿರಿದು ಮಾಡಿ ಓದಿದರು. ಅವರ ಕಣ್ಣು ಮೊದಲು ದೊಡ್ಡ ಗುಳ್ಳೆಗೆ ಹೋಗುತ್ತಿತ್ತು, ಆಮೇಲೆ ಚಿಕ್ಕದಕ್ಕೆ. ಹಾಗಾಗಿ ಅವರ ಕಥೆಯಲ್ಲಿ ಎಲ್ಲರೂ ಉತ್ತರ ಕೊಟ್ಟ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಮೆಟ್ಟಿಲಿನ ಚಿತ್ರದಲ್ಲಿ ಬಾಗಿಲ ಮೇಲೆ ಚಿಕ್ಕದಾಗಿ ‘ಟಕ್ ಟಕ್’ ಎಂದಿದೆ, ತಾಯಿಯ ಗುಳ್ಳೆಯಲ್ಲಿ ದೊಡ್ಡದಾಗಿ ‘ಬಂದ್ಯಾ?’ ಎಂದಿದೆ. ಚಿಕ್ಕಪ್ಪ ಓದಿದರು: “ಬಂದ್ಯಾ? ಟಕ್ ಟಕ್.”

“ಚಿಕ್ಕಪ್ಪ, ತಟ್ಟಿದ ಮೇಲೆ ತಾನೆ ಅವರು ಕೇಳೋದು?”

“ದೊಡ್ಡವರು ಮೊದಲು ಮಾತಾಡ್ತಾರೆ ಅಂದ್ಕೊಂಡೆ,” ಎಂದರು ಪಾಪ.

ಮೂರು ದಿನ ಈ ಪಾಠ ನಡೆಯಿತು. ಶುಕ್ರವಾರ ಮೊದಲ ಸಲ ಕೊನೆಯ ಪುಟದವರೆಗೂ ಓದಿ ಮುಗಿಸಿ, ಮೊಳೆಗೆ ತೂಗುವ ಬೂಟನ್ನು ನೋಡಿದರು. ಆಮೇಲೆ ತಮ್ಮ ಚಪ್ಪಲಿಯನ್ನು ನೋಡಿದರು. “ಒಳ್ಳೆ ಪುಸ್ತಕ,” ಎಂದರು. ಈ ಸಲ ಮೂಸಲಿಲ್ಲ.

ಶನಿವಾರ ಸಂಪುಟದ ಬೆನ್ನು ಸ್ವಲ್ಪ ಬಿಟ್ಟದ್ದು ಕಂಡು, ಸಭೆಯಲ್ಲಿ ಮಾನ ಹೋಗಬಾರದೆಂದು ಅಂಟು ಹಾಕಲು ಹೇಳಿದರು. ಅಂಟಿನ ಬಟ್ಟಲು ಇಡುವ ಮೂಲೆ ಕಪಾಟಿನ ಹಲಗೆಗೆ ಹಾಸಿದ್ದ ಕಾಗದ ಕೊಳೆತು ಕೈಗೆ ಬಂತು. ಎಳೆದೆ. ಅದರ ಕೆಳಗೆ ಇನ್ನೊಂದು ಪದರ, ದಪ್ಪನೆಯ ನುಣುಪು ಕಾಗದ. ತಿರುಗಿಸಿ ನೋಡಿದರೆ ಗಾಳಿಗಾಲ.

ಅವು ಹನ್ನೆರಡು ಸಂಚಿಕೆಗಳ ಮುಖಪುಟಗಳು. ಸಂಪುಟ ಕಟ್ಟುವಾಗ ನುಣುಪು ಕಾಗದಕ್ಕೆ ಅಂಟು ಹಿಡಿಯುವುದಿಲ್ಲವೆಂದು ಮುಖಪುಟ ಕಿತ್ತು ತೆಗೆಯುವುದು ವಾಡಿಕೆ. ಏನನ್ನೂ ಎಸೆಯದ ಚಿಕ್ಕಪ್ಪ ಅವನ್ನು ಕಪಾಟಿಗೆ ಹಾಸಿದ್ದರು. ಸಂಚಿಕೆಯ ಸಂಖ್ಯೆ ಇದ್ದದ್ದು ಮುಖಪುಟದಲ್ಲಿ ಮಾತ್ರ. ಒಳಗೆ ಪ್ರತಿ ಸಂಚಿಕೆಯೂ ಒಂದನೇ ಪುಟದಿಂದ ಶುರುವಾಗಿ ಇಪ್ಪತ್ತನಾಲ್ಕಕ್ಕೆ ಮುಗಿಯುತ್ತಿತ್ತು.

ಹನ್ನೊಂದನೆಯದರಲ್ಲಿ ಗಾಳಿಗಾಲ ಕುಂಟುತ್ತಾ ಮೆಟ್ಟಿಲು ಹತ್ತುತ್ತಿದ್ದ, ಬರಿಗೈ. ಹನ್ನೆರಡನೆಯದರಲ್ಲಿ ಬ್ಯಾಂಡೇಜಿನ ಕೈ ಬೀಸಿ ಆಕಾಶಕ್ಕೆ ಹೊರಟಿದ್ದ. ಮೂಲೆಯಲ್ಲಿ ‘ಮುಕ್ತಾಯ’ ಎಂದಿತ್ತು.

ನಾನು ಎರಡನ್ನೂ ತಂದು ಚಿಕ್ಕಪ್ಪನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಹೇಳಬೇಕಾದದ್ದನ್ನು ಹೇಳುವ ಬದಲು ಇಡುವುದು ನನ್ನ ಪದ್ಧತಿ. ಚಿಕ್ಕಪ್ಪ ಮೊದಲು ಕಾಗದ ಮುಟ್ಟಿ, “ಒಳ್ಳೆ ಕಾಗದ, ಈಗ ಎಲ್ಲಿ ಬರುತ್ತೆ,” ಎಂದರು. ಆಮೇಲೆ ನೋಡಿದರು. ಮೂರು ದಿನದಿಂದ ಓದಲು ಕಲಿತಿದ್ದರಲ್ಲ, ಅದೇ ಮುಳುವಾಯಿತು.

“ಒದ್ದೆ ಇತ್ತು,” ಎಂದರು ಹನ್ನೊಂದರ ಮೇಲೆ ಬೆರಳಿಟ್ಟು. “ಹನ್ನೊಂದನೇದರ ಪಿನ್ನು ತುಕ್ಕು ಹಿಡಿದು ಹಾಳೆ ಹರಿದಿತ್ತು. ತೇಪೆ ಹಾಕಿ ಕಲ್ಲಿನಡಿ ಒಣಗಕ್ಕೆ ಇಟ್ಟಿದ್ದೆ. ಒಣಗಿದ ಮೇಲೆ ತಂದು…” ಗಾಳಿಯಲ್ಲೇ ಒಂದು ಕಟ್ಟಿನ ಕೆಳಗೆ ಸಂಚಿಕೆ ಇಟ್ಟಂತೆ ಕೈಯಾಡಿಸಿ ತೋರಿಸಿದರು. “ಕೊನೆಗೆ ಇಟ್ಟೆ.”

ಚಿಕ್ಕಮ್ಮ ವಿಷಯ ಕೇಳಿ ಸೌಟು ಕೆಳಗಿಟ್ಟರು. “ಮೂವತ್ತು ವರ್ಷ ಯಾರೂ ಕೇಳಲಿಲ್ಲ. ನಾಳೆ ಒಂದಿನ ಸುಮ್ನಿರೋಕೆ ಏನು ಕಷ್ಟ? ಆ ಗುಮಾಸ್ತರ ಎದುರಿಗೆ ಹಾಳೆ ಹಿಂದುಮುಂದಾಗಿದೆ ಅಂದ್ರೆ ಕಚೇರಿ ಕೆಲಸ ಉಳಿಯುತ್ತಾ? ಬೋರ್ಡು ಉಳಿಯುತ್ತಾ?”

ಚಿಕ್ಕಪ್ಪ ಮುಖಪುಟ ಎರಡನ್ನೂ ಒರೆಸಿ, ನನ್ನ ಡೈರಿಯ ಒಳಗೆ ಚಪ್ಪಟೆಯಾಗಿ ಇಟ್ಟರು.

ಭಾನುವಾರ ಅಂಗಳದಲ್ಲಿ ಸುಮಾರು ಎಂಬತ್ತು ಜನ. ಮ್ಯಾನೇಜರ್ ಟಿಕೆಟ್ ಕಿಟಕಿಯ ಹಿಂದಿನಿಂದ, ಮಳೆ ನಿಲ್ಲುವುದೇ ಎಂದು ನೋಡುವವರ ಹಾಗೆ ನೋಡುತ್ತಿದ್ದರು. ಮೇಷ್ಟ್ರು ಬ್ಯಾಂಡೇಜಿನ ಸಿದ್ಧಾಂತವನ್ನು ಸಂಕ್ಷಿಪ್ತವಾಗಿ ನಲವತ್ತು ನಿಮಿಷ ವಿವರಿಸಿದರು. “ಕಾಲವೇ ಮನೆಗೆ ಮರಳುವ ಈ ಮಹಾ ಕಲ್ಪನೆಯನ್ನ ಸಿನಿಮಾದವರು ಕತ್ತರಿಸಿ ಬಿಸಾಕಿದಾರೆ. ಈಗ ಮೂಲವನ್ನ ಅಧ್ಯಕ್ಷರು ಓದ್ತಾರೆ.”

ಚಿಕ್ಕಪ್ಪ ಎದ್ದರು. ಸಂಪುಟ ತೆರೆಯಲಿಲ್ಲ.

“ತಪ್ಪು ಫಿಲಂನವರದಲ್ಲ,” ಎಂದರು. “ನನ್ನದು. ಅವನು ಮೊದಲು ಮನೆಗೆ ಬರ್ತಾನೆ. ಆಮೇಲೆ ಹೋಗ್ತಾನೆ. ಹೋದವನು ಬರಲ್ಲ. ನಾನು ಹನ್ನೊಂದನೇ ಸಂಚಿಕೆನ ಹನ್ನೆರಡಾದ ಮೇಲೆ ಕಟ್ಟಿಬಿಟ್ಟೆ.”

ಸಭೆ ಒಂದು ಕ್ಷಣ ಯೋಚಿಸಿ, ಇದನ್ನು ನಂಬುವುದಿಲ್ಲವೆಂದು ತೀರ್ಮಾನಿಸಿತು.

“ದೊಡ್ಡ ಮನಸ್ಸು,” ಎಂದರು ಯಾರೋ ಹಿಂದಿನಿಂದ.

“ಮ್ಯಾನೇಜರ್ ಬಂದು ಹೋಗಿದ್ದ ಅಲ್ವಾ ಅಂಗಡಿಗೆ?” ಎಂದರು ಇನ್ನೊಬ್ಬರು.

ಮೇಷ್ಟ್ರು ನಯವಾಗಿ ಚಿಕ್ಕಪ್ಪನ ಭುಜ ಹಿಡಿದರು. “ನೋಡಿ, ನೀವು ಬೈಂಡರ್. ಅಂಟು, ದಾರ ನಿಮ್ಮದು. ಕಥೆ ನಮಗೆ ಬಿಡಿ. ಇದು ಅಂಟಿನ ತಪ್ಪಿನಿಂದ ಹುಟ್ಟೋ ಅಂಥ ಅರ್ಥ ಅಲ್ಲ.”

“ಮೇಷ್ಟ್ರೇ, ಒದ್ದೆ ಇತ್ತು,” ಎಂದರು ಚಿಕ್ಕಪ್ಪ.

ಆಗ ನೋಂದಣಿ ಕಚೇರಿಯ ಗುಮಾಸ್ತರು ನಿಧಾನವಾಗಿ ಎದ್ದು ನಿಂತರು. ಸಭೆಯಲ್ಲಿ ಚಿಕ್ಕಪ್ಪನನ್ನು ನಂಬಿದವರು ಅವರೊಬ್ಬರೇ. “ಒಂದು ನಿಮಿಷ. ನಮ್ಮ ಜನನ ಮರಣದ ರಿಜಿಸ್ಟರ್ ಕಟ್ಟಿದ್ದೂ ನೀವೇ ಅಲ್ವಾ? ಅದರಲ್ಲಿ ಯಾರಾದ್ರೂ ಮೊದಲು ಸತ್ತು ಆಮೇಲೆ ಹುಟ್ಟಿದಾರಾ?”

ಚಿಕ್ಕಪ್ಪನ ಕತ್ತು ಬಾಗಿತು. ನಾನು ಹುಟ್ಟಿದಾಗಿನಿಂದ ನೋಡಿದ ಕತ್ತು, ಹಾಗೆ ಬಾಗಿದ್ದನ್ನು ಕಂಡಿರಲಿಲ್ಲ. ಒಂದು ಕಡೆ ಸುಳ್ಳು ಹೇಳುತ್ತಿದ್ದಾರೆಂದೂ ಇನ್ನೊಂದು ಕಡೆ ನಿಜ ಹೇಳುತ್ತಿದ್ದಾರೆಂದೂ ಒಬ್ಬ ಮನುಷ್ಯನನ್ನು ಒಟ್ಟಿಗೆ ಅನುಮಾನಿಸುತ್ತಿದ್ದರು. ನಾನು ಡೈರಿ ಹಿಡಿದುಕೊಂಡು ಕಟ್ಟೆ ಹತ್ತಿದ್ದು ನನಗೆ ಸರಿಯಾಗಿ ನೆನಪಿಲ್ಲ. ಹತ್ತಿರಲೇಬೇಕು, ಯಾಕೆಂದರೆ ಮುಖಪುಟ ಎರಡನ್ನೂ ಎತ್ತಿ ಹಿಡಿದಾಗ ಎಲ್ಲರ ತಲೆಗಳೂ ನನಗಿಂತ ಕೆಳಗಿದ್ದವು.

“ಇದು ಹನ್ನೊಂದು. ಇದು ಹನ್ನೆರಡು. ಇದರಲ್ಲಿ ಕೈಗೆ ಬ್ಯಾಂಡೇಜು ಇದೆ. ಇದರಲ್ಲಿ ಇಲ್ಲ.”

ಹತ್ತು ಪದ. ಸಾರ್ವಜನಿಕವಾಗಿ ನಾನು ಆಡಿದ ಅತಿ ಉದ್ದದ ಮಾತು.

ಮುಖಪುಟಗಳು ಕೈಯಿಂದ ಕೈಗೆ ಹೋದವು. ಮೇಷ್ಟ್ರ ಹತ್ತಿರ ಬಂದಾಗ ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಮೆಲ್ಲಗೆ ಮೆಟ್ಟಿಲ ಮೇಲೆ ಕುಳಿತರು.

“ಹಾಗಾದ್ರೆ ಬ್ಯಾಂಡೇಜು,” ಎಂದರು, “ಬರೀ ಬ್ಯಾಂಡೇಜಾ?”

ಯಾರೂ ನಗಲಿಲ್ಲ. ಕಫ್ ಎಂದು ವಾದಿಸುತ್ತಿದ್ದ ದರ್ಜಿ ಕೂಡ ಅವರ ಪಕ್ಕದಲ್ಲಿ ಕುಳಿತರು. “ನನ್ನದೂ ಹೋಯ್ತಲ್ಲ ಮೇಷ್ಟ್ರೇ,” ಎಂದರು. “ಹದಿನೈದನೇ ವಯಸ್ಸಲ್ಲಿ ಅಪ್ಪನ ಜೊತೆ ಜಗಳ ಆಡಿ ಓಡಿ ಹೋಗಿದ್ದೆ ನಾನು. ಮೂರನೇ ದಿನ ಬಸ್‌ಸ್ಟ್ಯಾಂಡಲ್ಲಿ ಆ ಬೂಟಿನ ಚಿತ್ರ ನೆನಪಾಯ್ತು. ಅಷ್ಟು ದೊಡ್ಡ ಗಾಳಿಗಾಲನೇ ವಾಪಸ್ ಬಂದ ಮೇಲೆ ನಂದೇನು ಅಂತ ಬಸ್ ಹತ್ತಿದೆ. ಅವನು ಬಂದೇ ಇರಲಿಲ್ವಾ?”

ಚಿಕ್ಕಪ್ಪ ಸಂಪುಟದ ಬೆನ್ನು ಸವರಿದರು.

ಅಷ್ಟರಲ್ಲಿ ಮ್ಯಾನೇಜರ್ ಮೆತ್ತಗೆ ಬಾಗಿಲು ತೆಗೆದರು. ತಮ್ಮ ಕಸುಬಿನಲ್ಲಿ ಅವರೂ ನಿಪುಣರು. ಮೇಡಂ ಎದ್ದರು, “ನೋಡೇಬಿಡೋಣ,” ಎಂದರು. ಪ್ರತಿಭಟನೆಗೆ ಬಂದ ಎಂಬತ್ತು ಜನರೂ ಒಳಗೆ ಹೋದರು.

ಸಿನಿಮಾ ಚೆನ್ನಾಗಿಯೇ ಇತ್ತು. ಅವನು ಕುಂಟುತ್ತಾ ಮನೆಗೆ ಬಂದ, ಬ್ಯಾಂಡೇಜು ಕಟ್ಟಿಸಿಕೊಂಡ, ಊಟವನ್ನೂ ಮಾಡಿದ. ಊಟದ ಸುದ್ದಿಯೇ ಇಲ್ಲವೆಂದ ದರ್ಜಿಯನ್ನು ಹಲವರು ಕತ್ತಲಲ್ಲೇ ತಿರುಗಿ ನೋಡಿದರು. ಬೆಳಿಗ್ಗೆ ಮೊಳೆಯಿಂದ ಬೂಟು ತೆಗೆದ. ಓಡಿದ. ಚುಕ್ಕಿಯಾದ. ತಾಯಿ ಬಾಗಿಲಲ್ಲಿ ನಿಂತಳು. ಲೈಟ್ ಬಂತು.

ಯಾರೂ ಏಳಲಿಲ್ಲ.

ಎಲ್ಲರಿಗೂ ವಿಷಯ ಗೊತ್ತಿತ್ತು. ಮುಖಪುಟ ಮುಟ್ಟಿ ನೋಡಿದವರೇ. ಆದರೂ ಎಂಬತ್ತು ಜನ ಬಿಳಿ ಪರದೆ ನೋಡುತ್ತಾ ಕುಳಿತೇ ಇದ್ದರು. ಕಸ ಗುಡಿಸುವಾಕೆ ಪೊರಕೆ ಹಿಡಿದು ಬಂದು ನಿಂತಳು.

“ಮುಗೀತು, ಏಳಿ,” ಎಂದರು ಮ್ಯಾನೇಜರ್.

“ಇನ್ನೂ ಇದೆ,” ಎಂದರು ದರ್ಜಿ. ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಮ್ಯಾನೇಜರ್ ಚಿಕ್ಕಪ್ಪನ ಹತ್ತಿರ ಬಂದು ಪಿಸುಗುಟ್ಟಿದರು. “ಯಜಮಾನ್ರೇ, ಮುಂದಿನ ಆಟಕ್ಕೆ ಜನ ನಿಂತಿದಾರೆ. ಕಟ್ಟಿದವರು ನೀವು, ನೀವೇ ಬಿಡಿಸಿ.”

ಚಿಕ್ಕಪ್ಪ ಸಂಪುಟವನ್ನು ಎದೆಗೆ ಒತ್ತಿಕೊಂಡು ಪರದೆಯ ಕೆಳಗೆ ಹೋಗಿ ನಿಂತರು. ಆ ದೊಡ್ಡ ಬಿಳಿಯ ಮುಂದೆ ಬಹಳ ಚಿಕ್ಕವರಾಗಿ ಕಂಡರು.

“ಉಳಿದದ್ದು ನನ್ನ ಹತ್ರ ಇದೆ,” ಎಂದರು. “ಬನ್ನಿ.”

ಎದ್ದರು. ಹಿಂದೆಯೇ ಹೋದರು. ಅಂಗಳದ ಮೆಟ್ಟಿಲ ಮೇಲೆ ಚಿಕ್ಕಪ್ಪ ಕುಳಿತರು, ಸುತ್ತ ಎಲ್ಲರೂ ಒತ್ತಿಕೊಂಡು ಕುಳಿತರು.

“ನಾಳೆ ಇದನ್ನ ಬಿಚ್ಚಿ ಸರಿಯಾಗಿ ಕಟ್ಟಿಕೊಡ್ತೀನಿ ಮೇಡಂ,” ಎಂದರು ಚಿಕ್ಕಪ್ಪ, ತಲೆಯೆತ್ತದೆ.

ಮೇಡಂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ದರ್ಜಿಯನ್ನು ನೋಡಿದರು. ಉತ್ತರ ಕೊಟ್ಟದ್ದು ಗುಮಾಸ್ತರು, ಕರವಸ್ತ್ರದಲ್ಲಿ ಮೂಗೊರೆಸುತ್ತಾ. “ಇದನ್ನ ಮುಟ್ಟಬೇಡಿ. ನಮ್ಮ ರಿಜಿಸ್ಟರ್ ಮಾತ್ರ ಒಂದೊಂದೇ ತರ್ತೀನಿ, ಪಕ್ಕದಲ್ಲೇ ಕೂತ್ಕೊಂಡು ನೋಡ್ತೀನಿ. ಮುಂದಿನ ವರ್ಷದ್ದೂ ಹಾಗೇನೇ.”

ಅವರು ಹಾಗೆಯೇ ಮಾಡಿದರು. ಆರು ವಾರ ನಮ್ಮ ಅಂಗಡಿಯಲ್ಲಿ ಕುಳಿತು ಎಲ್ಲವನ್ನೂ ತಿರುವಿದರು. ಎಲ್ಲರೂ ಹುಟ್ಟಿದ ಮೇಲೆಯೇ ಸತ್ತಿದ್ದರು. ಬೋರ್ಡು ಕೆಳಗಿಳಿಯಲಿಲ್ಲ. ಚಿಕ್ಕಪ್ಪ ಪೇಂಟರನ್ನು ಕರೆಸಿ ಒಂದು ಪದ ಸೇರಿಸಿದರು, ಅಷ್ಟೇ: ‘ಇಲ್ಲಿ ಹಾಳೆ ಸಾಮಾನ್ಯವಾಗಿ ಹಿಂದುಮುಂದಾಗುವುದಿಲ್ಲ.’

ಆದರೆ ಅದೆಲ್ಲ ಆಮೇಲಿನದು. ಆ ಸಂಜೆ ಮೆಟ್ಟಿಲ ಮೇಲೆ ಚಿಕ್ಕಪ್ಪ ಸಂಪುಟದ ಕೊನೆಯ ಇಪ್ಪತ್ತನಾಲ್ಕು ಪುಟ ತೆರೆದು, ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ದರ್ಜಿ ತಮ್ಮ ಕೈಯನ್ನೇ ನೋಡುತ್ತಿದ್ದರು. ಚಿಕ್ಕಪ್ಪನ ಬೆರಳು ಮನೆಯ ಬಾಗಿಲಿನ ಚಿತ್ರಕ್ಕೆ ಬಂತು. ಕಲಿಸಿದ್ದೆಲ್ಲ ಮರೆತು ಅವರ ಕಣ್ಣು ನೇರವಾಗಿ ದೊಡ್ಡ ಗುಳ್ಳೆಗೆ ಹೋಯಿತು.

“ಬಂದ್ಯಾ?” ಎಂದು ಓದಿದರು. “ಟಕ್ ಟಕ್.”

ಅವನು ಬಾಗಿಲು ತಟ್ಟುವ ಮೊದಲೇ ಅವಳು ಕೇಳಿದ್ದಳು. ನಾನು ತಿದ್ದಲಿಲ್ಲ.